ಎರಡನೇ ರುಜು

ಅವರ ತಿಥಿಗೆ ನಾನು ಹೋಗಲಿಲ್ಲ. ಹೋಗಿ ಉಂಡು ಬಂದವರೊಬ್ಬರು ತಿಪಟೂರು ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿ, ಎಲೆಅಡಿಕೆ ಅಗಿಯುತ್ತಾ, "ಏನು ಹುಚ್ಚು ಧೈರ್ಯ ಕಣ್ರೀ ಆ ಮನುಷ್ಯಂದು! ಮನೇಲಿ ಇಮಾನ ಕಟ್ಟಿ ಹಾರಕ್ಕೋದ ಅಂದ್ರೆ!" ಅಂದರು. ನನಗೆ ಮೈಯೆಲ್ಲ ಉರಿದುಹೋಯಿತು. ಧೈರ್ಯವಂತೆ! ನಾನು ಕಂಡವರಲ್ಲಿ ಅವರಷ್ಟು ಅಂಜುವ ಮನುಷ್ಯ ಇನ್ನೊಬ್ಬರಿರಲಿಲ್ಲ. ಇಡೀ ಚಿಕ್ಕನಾಯಕನಹಳ್ಳಿ ತಾಲ್ಲೂಕಿನಲ್ಲಿ ಮೊಪೆಡ್ ಮೇಲೆ ಹೆಲ್ಮೆಟ್ ಹಾಕಿಕೊಂಡು ಓಡಾಡುತ್ತಿದ್ದವರು ಆ ಕಾಲಕ್ಕೆ ಅವರೊಬ್ಬರೇ ಇರಬೇಕು. ತಮ್ಮ ತೋಟದಲ್ಲಿ ಕಾಯಿ ಕೀಳಲು ಬಂದವನು ಮರಕ್ಕೆ ಕೈಯಿಡುವ ಮೊದಲು ಕಾಲಿಗೆ ಹಾಕಿಕೊಳ್ಳುವ ಹಗ್ಗವನ್ನು ಅವರಿಗೆ ತೋರಿಸಬೇಕಿತ್ತು. ಒಂದು ಎಳೆ ಬಿಟ್ಟಿದ್ದರೂ ಹೊಸ ಹಗ್ಗ ಕೊಟ್ಟು, ಹಳೆಯದನ್ನು ಅವನೆದುರಿಗೇ ಕತ್ತರಿಸಿ ಒಲೆಗೆ ಹಾಕಿಸುತ್ತಿದ್ದರು.

ಬಸ್ಸು ಹತ್ತುವ ಮೊದಲು ಅದರ ಸುತ್ತ ಒಂದು ಸುತ್ತು ಬಂದು ಟೈರುಗಳನ್ನು ನೋಡುವುದು ಅವರ ಪದ್ಧತಿ. "ಮಿಲ್ಟ್ರಿಯೋರೇ, ಪ್ರದಕ್ಷಿಣೆ ಮುಗೀತಾ? ಮಂಗಳಾರತಿ ತರ್ಲಾ?" ಅಂತ ಕಂಡಕ್ಟರ್ ರೇಗಿಸಿದರೆ, "ಮುಂದ್ಲ ಎಡಗಡೆ ಟೈರಲ್ಲಿ ದಾರ ಕಾಣ್ತೈತೆ, ಮೊದ್ಲು ಅದಕ್ಕೆ ಎತ್ತು ಆರತಿಯ" ಅನ್ನುತ್ತಿದ್ದರು. ಆ ಬಸ್ಸಿಗೆ ಹತ್ತುತ್ತಿರಲಿಲ್ಲ. ಮುಂದಿನದಕ್ಕೆ ಒಂದೂವರೆ ಗಂಟೆ ಬಿಸಿಲಲ್ಲಿ ಕಾಯುತ್ತಿದ್ದರು.

ಏರ್‌ಫೋರ್ಸಿನಲ್ಲಿ ಇಪ್ಪತ್ತು ವರ್ಷ ಫಿಟ್ಟರ್ ಆಗಿದ್ದವರು. ವಿಮಾನ ಹಾರಿಸುವ ಕೆಲಸವಲ್ಲ, ಅದರ ಮೈ, ರೆಕ್ಕೆ, ಬಾಲ ರಿಪೇರಿ ಮಾಡುವ ಕೆಲಸ. ಬಿಡುವಿನಲ್ಲಿ ಗ್ಲೈಡರ್ ಹಾರಿಸುವುದನ್ನೂ ಕಲಿತಿದ್ದರಂತೆ. ತೊಂಬತ್ತರ ದಶಕದ ಮೊದಲಲ್ಲಿ ಪಿಂಚಣಿ ತೆಗೆದುಕೊಂಡು ಕೆಂಕೆರೆ ಕಡೆಯ ತಮ್ಮ ತೋಟಕ್ಕೆ ವಾಪಸು ಬಂದರು. ನಮ್ಮ ಕಡೆ ಸೈನ್ಯದಿಂದ ಬಂದವರೆಲ್ಲ ಮಿಲ್ಟ್ರಿಯವರೇ. "ನಾನು ಮಿಲ್ಟ್ರಿ ಅಲ್ಲ, ಏರ್‌ಫೋರ್ಸು" ಅಂತ ಒಂದು ವರ್ಷ ತಿದ್ದಿ ನೋಡಿ, ಆಮೇಲೆ ಸುಮ್ಮನಾದರು.

ಬಂದ ಎರಡನೇ ವರ್ಷ ಹೊರದೇಶದಿಂದ ಅಂಚೆಯಲ್ಲಿ ನಕ್ಷೆಗಳ ಒಂದು ದಪ್ಪ ಕಟ್ಟು ತರಿಸಿದರು. ಒಬ್ಬರೇ ಕೂರುವ ಸಣ್ಣ ವಿಮಾನ. ಮರದ ಚೌಕಟ್ಟು, ಮೇಲೆ ಬಟ್ಟೆಯ ಹೊದಿಕೆ, ಮೂತಿಗೊಂದು ಸಣ್ಣ ಎಂಜಿನ್. ಅಲ್ಲಿನ ಜನ ಇಂಥದ್ದನ್ನು ತಮ್ಮ ಶೆಡ್ಡಿನಲ್ಲೇ ಕಟ್ಟಿ, ಸರ್ಕಾರದವರಿಗೆ ತೋರಿಸಿ, ಅನುಮತಿ ಪಡೆದು ಹಾರಿಸುತ್ತಾರಂತೆ. ಇವರಿಗೂ ಅದೇ ಆಸೆ ಹತ್ತಿತು. ನಾನು ಕಂಡ ಮಟ್ಟಿಗೆ ಅವರ ಆಸೆಯೆಲ್ಲ ಇದ್ದದ್ದು ಆ ಅನುಮತಿಯ ಮೇಲೆ. ತನ್ನ ಕೈಯಿಂದ ಕಟ್ಟಿದ್ದು ಹಾರಲು ಯೋಗ್ಯ ಎಂದು ಬಲ್ಲವನೊಬ್ಬ ನೋಡಿ ಬರೆದುಕೊಡಬೇಕು, ಅಷ್ಟೇ.

ನಾನು ಆ ಕಡೆಯ ಒಂದು ಹೈಸ್ಕೂಲಿನಲ್ಲಿ ಲೆಕ್ಕದ ಮೇಷ್ಟ್ರು. ದೆಹಲಿಯ ವಿಮಾನ ಇಲಾಖೆಗೆ ಇಂಗ್ಲಿಷಿನಲ್ಲಿ ಕಾಗದ ಬರೆಸಲು ನನ್ನನ್ನು ಹುಡುಕಿಕೊಂಡು ಬಂದವರು, ಕಾಗದ ಮುಗಿದ ಮೇಲೆ ಕೈಚೀಲದಿಂದ ಒಂದು ರಟ್ಟಿನ ಪುಸ್ತಕ ತೆಗೆದರು. "ಮೇಷ್ಟ್ರೇ, ನಮ್ಮಲ್ಲಿ ಒಂದು ಕೆಲಸಕ್ಕೆ ಎರಡು ರುಜು. ಮಾಡಿದವನದ್ದೊಂದು, ನೋಡಿದವನದ್ದೊಂದು. ಮಾಡಿದವನ ಕಣ್ಣಿಗೆ ಅವನ ತಪ್ಪು ಕಾಣಾಕಿಲ್ಲ. ನೀವು ನೋಡೋರಾಗಿ" ಅಂದರು. ವಿಮಾನದ ವಿಷಯ ನನಗೇನೂ ಗೊತ್ತಿಲ್ಲವಲ್ಲ ಅಂದೆ. "ಅಳತೆ ಗೊತ್ತಲ್ಲ? ನಕ್ಷೇಲಿ ಇಷ್ಟು ಅಂತ ಐತೆ, ಮರದಲ್ಲಿ ಅಷ್ಟೇ ಐತಾ ಅಂತ ನೋಡಿ ರುಜು ಹಾಕಿ. ನೋಡದೆ ಮಾತ್ರ ಹಾಕ್ಬೇಡಿ" ಅಂದರು. ಇಂಥ ಗೌರವವನ್ನು ನನಗೆ ನನ್ನ ಹೆಡ್‌ಮಾಸ್ಟರೂ ಕೊಟ್ಟಿರಲಿಲ್ಲ. ಉಬ್ಬಿಹೋದೆ.

ಭಾನುವಾರ ಭಾನುವಾರ ಅವರ ತೋಟದ ಶೆಡ್ಡಿಗೆ ಹೋಗುತ್ತಿದ್ದೆ. ಗೋಡೆಯ ಹಲಗೆಯ ಮೇಲೆ ಪ್ರತಿಯೊಂದು ಸಲಕರಣೆಯ ಆಕಾರವನ್ನು ಬಣ್ಣದಲ್ಲಿ ಬರೆದಿದ್ದರು. ಸಂಜೆ ಎಲ್ಲ ಆಕಾರಗಳೂ ತುಂಬಿರಬೇಕು. ಒಂದು ಸಲ ಸಣ್ಣ ಸ್ಕ್ರೂಡ್ರೈವರ್ ಒಂದರ ಜಾಗ ಖಾಲಿ ಉಳಿಯಿತು. ವಿಮಾನದೊಳಗೆ ಬಿದ್ದಿರಬಹುದೆಂದು ಮುಚ್ಚಿದ್ದ ಎರಡು ಹಲಗೆ ಬಿಚ್ಚಿ ಹುಡುಕಿದರು. ಮಾರನೆಯ ದಿನ ಎಂಟನೇ ತರಗತಿಗೆ ಭಿನ್ನರಾಶಿ ಹೇಳಿಕೊಡುತ್ತಿದ್ದೇನೆ, ಕಿಟಕಿಯಲ್ಲಿ ಹೆಲ್ಮೆಟ್ ತಲೆ ಕಾಣಿಸಿತು. "ಮೇಷ್ಟ್ರೇ, ನಿನ್ನೆ ಹಾಕ್ಕೊಂಡಿದ್ದ ಶರಟಿನ ಜೇಬು ನೋಡಿದ್ರಾ?" ಹೌದು, ಅಲ್ಲೇ ಇತ್ತು. ಅವರು ಬೈಯಲಿಲ್ಲ. ಪುಸ್ತಕದಲ್ಲಿ 'ಸಿಕ್ಕಿತು' ಎಂದು ಬರೆದು ನನ್ನ ರುಜು ಹಾಕಿಸಿಕೊಂಡು ಹೋದರು.

ಇತ್ತ ದೆಹಲಿಯ ಕಚೇರಿಯ ಕಥೆ. ಮೊದಲ ಕಾಗದಕ್ಕೆ ಎಂಟು ತಿಂಗಳ ಮೇಲೆ ಉತ್ತರ ಬಂತು: ವಿಮಾನ ತಯಾರಿಸಿದ ಕಾರ್ಖಾನೆಯಿಂದ ಆಕ್ಷೇಪಣೆಯಿಲ್ಲವೆಂಬ ಪತ್ರ ತರಬೇಕು. ತಯಾರಿಸಿದವರು ಇವರೇ. ತಮಗೆ ತಮ್ಮದೇ ಆಕ್ಷೇಪಣೆಯಿಲ್ಲವೆಂದು ತಮಗೇ ಒಂದು ಪತ್ರ ಬರೆದುಕೊಂಡರು. ಅದರ ನಕಲಿಗೆ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಬೇಕಿತ್ತು. ಕೈಗೆ ಸಿಕ್ಕಿದವರು ದನದ ಡಾಕ್ಟರು. ಎಮ್ಮೆಯೊಂದಕ್ಕೆ ಇಂಜೆಕ್ಷನ್ ಕೊಟ್ಟು, ಕೈ ತೊಳೆದುಕೊಂಡು ಬಂದು ವಿಮಾನಕ್ಕೆ ಮೊಹರು ಒತ್ತಿದರು. ಜಿಲ್ಲಾಧಿಕಾರಿಗಳ ಕಚೇರಿಗೆ ಕೊಟ್ಟ ಅರ್ಜಿ ತಾಲ್ಲೂಕು ಕಚೇರಿಗೆ ಇಳಿದು, ಅಲ್ಲಿಂದ ಗ್ರಾಮ ಲೆಕ್ಕಿಗನ ಕೈಗೆ ಬಂತು. ಅವನು ಶೆಡ್ಡಿನ ಕಡೆ ತಲೆಯೂ ಹಾಕದೆ ಮಹಜರು ಬರೆದ: 'ಸದರಿ ಸರ್ವೆ ನಂಬರಿನಲ್ಲಿ ಫಲಕ್ಕೆ ಬಂದ ತೆಂಗಿನ ಮರಗಳಿದ್ದು, ವಿಮಾನ ನಿಲ್ದಾಣ ಕಂಡುಬರುವುದಿಲ್ಲ.' ನಾನು ಬಿದ್ದು ಬಿದ್ದು ನಕ್ಕೆ. ಅವರಿಗೆ ನಗು ಬರಲಿಲ್ಲ. "ನೋಡದೆ ರುಜು ಹಾಕವ್ನಲ್ಲ ಮೇಷ್ಟ್ರೇ" ಅಂದರು. ಕಳ್ಳತನ ಕಂಡವರ ಹಾಗೆ ಮುಖ ಸಣ್ಣದಾಗಿತ್ತು.

ರೆಕ್ಕೆಯ ಚೌಕಟ್ಟಿಗೆ ಬಟ್ಟೆ ಹೊದಿಸುವ ಮೊದಲು ಇಲಾಖೆಯ ಇನ್‌ಸ್ಪೆಕ್ಟರ್ ಬಂದು ಒಳಗಿನ ಮರಗೆಲಸ, ಅಂಟು ಎಲ್ಲ ನೋಡಬೇಕು ಎಂಬುದು ನಿಯಮ. ಹೊದಿಸಿದ ಮೇಲೆ ಒಳಗೇನಿದೆಯೋ ಯಾರಿಗೆ ಗೊತ್ತು? ಒಳ್ಳೆಯ ನಿಯಮ, ಅದನ್ನು ನಾನು ಹಳಿಯುವುದಿಲ್ಲ. ಇನ್‌ಸ್ಪೆಕ್ಟರು ಬಂದಿದ್ದರೆ ಇನ್ನೂ ಒಳ್ಳೆಯ ನಿಯಮವಾಗಿರುತ್ತಿತ್ತು. ಇವತ್ತು ಬರುತ್ತಾರೆ, ನಾಳೆ ಬರುತ್ತಾರೆ ಎಂದು ಆ ರೆಕ್ಕೆ ಮೂರು ವರ್ಷ ಬಟ್ಟೆಯಿಲ್ಲದೆ ಶೆಡ್ಡಿನಲ್ಲಿ ಕೂತಿತ್ತು. ಊರಿನವರು "ಮಿಲ್ಟ್ರಿಯೋರೇ, ಇಮಾನಕ್ಕೆ ಯಾವಾಗ ಲಂಗ ಹೊಲ್ಸ್ತೀರಾ?" ಅಂತ ಕೇಳುತ್ತಿದ್ದರು.

ಎರಡನೇ ಬೇಸಿಗೆಯಲ್ಲಿ ದೆಹಲಿಯವರು ರೆಕ್ಕೆಯ ತೂಕದ ಪರೀಕ್ಷೆಯ ವರದಿ ಕೇಳಿದರು. ವಿಮಾನ, ಅದರೊಳಗಿನ ಮನುಷ್ಯ ಸೇರಿ ಇನ್ನೂರ ನಲವತ್ತು ಕಿಲೋ. ರೆಕ್ಕೆ ಅದರ ನಾಲ್ಕು ಪಟ್ಟು ಹೊರಬೇಕು. ಹಾರುವಾಗ ಗಾಳಿ ರೆಕ್ಕೆಯನ್ನು ಕೆಳಗಿನಿಂದ ಮೇಲಕ್ಕೆ ಒತ್ತುತ್ತದೆ. ಆದ್ದರಿಂದ ಪರೀಕ್ಷೆಗೆ ರೆಕ್ಕೆಯನ್ನು ಬೋರಲು ಹಾಕಿ ಅದರ ಮೇಲೆ ತೂಕ ಹೇರುತ್ತಾರೆ. ಮರಳಿನ ಚೀಲ ತೂಗಿ ತೂಗಿ ಇಡಬೇಕೆಂದು ಅವರ ಯೋಚನೆ. ಹೇಳಿದ್ದ ಟ್ರ್ಯಾಕ್ಟರ್ ಮರಳು ಆ ಭಾನುವಾರವೂ ಬರಲಿಲ್ಲ. ಆಗ ನಾನು ಬಾಯಿ ಹಾಕಿದೆ. "ಅಟ್ಟದ ತುಂಬ ಕಾಯಿ ಇಟ್ಕೊಂಡು ಮರಳಿಗೆ ಕಾಯ್ತೀರಲ್ಲ ಸಾರ್. ಸಿಪ್ಪೆಯಿರೋ ಕಾಯಿ, ಮರಕ್ಕೆ ಗಾಯ ಆಗಲ್ಲ. ಒಂದೇ ಸಮ ಹರಡಬಹುದು."

ಅವರು ಒಪ್ಪಿದರು. ಆದರೆ ಒಂದೊಂದು ಕಾಯಿಯನ್ನೂ ತೂಗಬೇಕೆಂದರು. "ಎಂಟುನೂರು ಕಾಯಿ ತೂಗಕ್ಕೆ ನಾಳೆ ಸಂಜೆ ಆಗುತ್ತೆ. ಹತ್ತು ಕಾಯಿ ತೂಗಿ ಸರಾಸರಿ ತಗೊಳ್ಳೋಣ, ಲೆಕ್ಕ ಇರೋದೇ ಅದಕ್ಕೆ" ಅಂದೆ. ಅಟ್ಟದ ಏಣಿಯ ಹತ್ತಿರ ಕೈಗೆಟುಕಿದ ಹತ್ತು ಕಾಯಿ ತೆಗೆದು ತಕ್ಕಡಿಗೆ ಹಾಕಿದೆ. ಹನ್ನೆರಡು ಕಿಲೋ. ಎಂಟುನೂರು ಕಾಯಿಗೆ ಒಂಬೈನೂರ ಅರವತ್ತು. ಬೇಕಾಗಿದ್ದದ್ದೂ ಅಷ್ಟೇ. ಎಷ್ಟು ಅಚ್ಚುಕಟ್ಟಾಗಿ ಕೂತಿತೆಂದು ನನಗೆ ಖುಷಿಯೋ ಖುಷಿ.

ತೆಂಗಿನ ಸೀಮೆಯಲ್ಲಿ ಹುಟ್ಟಿದವರಿಗೆಲ್ಲ ಗೊತ್ತಿರುವ ಸಂಗತಿ ಇದು. ಕೊಬ್ಬರಿಗೆಂದು ಅಟ್ಟಕ್ಕೆ ಹಾಕಿದ ಕಾಯಿ ಹತ್ತು ಹನ್ನೊಂದು ತಿಂಗಳು ಅಲ್ಲೇ ಒಣಗುತ್ತದೆ. ನೀರೆಲ್ಲ ಇಂಗಿ, ತಿರುಳು ಕರಟ ಬಿಟ್ಟು ಗಿಟಕಾಗುತ್ತದೆ. ಅಲ್ಲಾಡಿಸಿದರೆ ಒಳಗೆ ಗಟಗಟ ಸದ್ದು. ತೂಕ ಅರ್ಧಕ್ಕರ್ಧ ಇಳಿದಿರುತ್ತದೆ. ಏಣಿಯ ಹತ್ತಿರ ಇದ್ದದ್ದು ಹೊಸದಾಗಿ ಕಿತ್ತು ಹಾಕಿದ ನೂರೈವತ್ತು ಕಾಯಿ. ಒಳಗಿದ್ದದ್ದೆಲ್ಲ ಹೋದ ವರ್ಷದ್ದು.

ನಮ್ಮಲ್ಲಿ ಕಾಯಿ ಎಣಿಸುವುದೇ ಒಂದು ವಿದ್ಯೆ. ಕೈಗೆರಡರಂತೆ ಎಸೆಯುತ್ತಾ, ರಾಗವಾಗಿ ಎಣಿಕೆ ಹೇಳುತ್ತಾ ಹೋದರೆ ಸಾವಿರಕ್ಕೆ ಒಂದು ತಪ್ಪುವುದಿಲ್ಲ. ಅವರ ಹೆಂಡತಿ ಅಟ್ಟದ ಮೇಲೆ ನಿಂತು ಕಾಯಿ ಇಳಿಸುತ್ತಿದ್ದರು, ನಾನು ಎಣಿಸಿ ಆಳುಗಳ ಕೈಗೆ ಕೊಡುತ್ತಿದ್ದೆ, ಅವರು ಗೋಣಿತಾಟು ಹಾಸಿದ ರೆಕ್ಕೆಯ ಮೇಲೆ ಜೋಡಿಸುತ್ತಿದ್ದರು. ಬೇಲಿಯಾಚೆ ಅರ್ಧ ಊರು ನಿಂತಿತ್ತು. ಮಿಲ್ಟ್ರಿಯವರು ಮಾತ್ರ ರೆಕ್ಕೆಯ ಕೆಳಗೆ ಮಲಗಿ, ಎಷ್ಟೆಷ್ಟು ಬಾಗುತ್ತಿದೆ ಎಂದು ಅಳತೆಪಟ್ಟಿ ಹಿಡಿದು ಕೂಗುತ್ತಿದ್ದರು. ಇನ್ನೂರು ದಾಟಿರಬಹುದು, ಆಯಮ್ಮ ಅಟ್ಟದಿಂದ ಬಗ್ಗಿ ಮೆಲ್ಲಗೆ ಅಂದರು:

"ಮೇಷ್ಟ್ರೇ, ಇವು ಒಣಗ್ದವು ಕಣ್ರೀ. ಹಗೂರ ಅವೆ."

"ಎಣಿಕೆ ತಪ್ಪದಿದ್ರೆ ಸಾಕು ಕಣಮ್ಮ. ನೀವು ಇಳಿಸಿ."

"ಅಲ್ಲಾ, ತೂಕ..."

"ಲೆಕ್ಕ ನಂಗೆ ಬುಡಿ."

ಕೂಗಾಟದಲ್ಲಿ ಈ ಮಾತು ರೆಕ್ಕೆಯ ಕೆಳಗಿದ್ದ ಅವರಿಗೆ ಕೇಳಿಸಲಿಲ್ಲ. ನನ್ನ ಕೈಯಲ್ಲಿದ್ದ ಕಾಯಿಯೊಳಗಿನ ಸದ್ದು ನನಗೆ ಕೇಳಿಸಿತು. ಸುಳ್ಳು ಯಾಕೆ ಹೇಳಲಿ? ಅಷ್ಟು ಜನರೆದುರಿಗೆ ಎಣಿಕೆ ನಿಲ್ಲಿಸಿ, ನನ್ನ ಸರಾಸರಿ ತಪ್ಪು, ಎಲ್ಲ ಇಳಿಸಿ ಮತ್ತೆ ತೂಗೋಣ ಅನ್ನಲು ನನಗೆ ನಾಚಿಕೆಯಾಯಿತು. ಕೊನೆಯ ಕಾಯಿ ಕೂತ ಮೇಲೆ ಕೆಳಗಿನಿಂದ ಅವರ ದನಿ ಬಂತು. "ಮೇಷ್ಟ್ರೇ, ತೂಕ?" "ಒಂಬೈನೂರ ಅರವತ್ತು!" "ಖಾತ್ರಿನಾ?" "ಖಾತ್ರಿ ಸಾರ್." ರೆಕ್ಕೆ ಮುರಿಯಲಿಲ್ಲ. ಬೇಲಿಯಾಚೆ ಜನ ಚಪ್ಪಾಳೆ ತಟ್ಟಿದರು. ಅವರು ಮೈಯ ಧೂಳು ಕೊಡವಿಕೊಂಡು ಎದ್ದು ಬಂದು, ಪುಸ್ತಕದಲ್ಲಿ ಬರೆದು, ರುಜು ಹಾಕಿ ನನ್ನ ಕೈಗೆ ಕೊಟ್ಟರು. ನಾನೂ ಹಾಕಿದೆ.

ಮಾರನೆಯ ಸಂಜೆ ನನ್ನ ಮನೆಯ ಅಟ್ಟದಿಂದ ಅದೇ ವಯಸ್ಸಿನ ಒಂದು ಕಾಯಿ ಒಯ್ದು ಅಂಗಡಿಯಲ್ಲಿ ತೂಗಿಸಿದೆ. ಆರುನೂರು ಗ್ರಾಂ. ಲೆಕ್ಕ ಹಾಕಲು ಕಾಗದ ಬೇಕಾಗಲಿಲ್ಲ. ರೆಕ್ಕೆ ಹೊತ್ತದ್ದು ಐನೂರ ಎಪ್ಪತ್ತು ಕಿಲೋ, ಎರಡೂವರೆ ಪಟ್ಟೂ ಇಲ್ಲ. ಹೇಗೂ ಇನ್‌ಸ್ಪೆಕ್ಟರು ಬರುತ್ತಾರಲ್ಲ, ಅವರೇ ಮತ್ತೊಮ್ಮೆ ಪರೀಕ್ಷೆ ಮಾಡಿಸುತ್ತಾರೆ ಎಂದು ಸಮಾಧಾನ ಮಾಡಿಕೊಂಡೆ. ಯಾವ ಕಚೇರಿಯನ್ನು ಆಡಿಕೊಂಡು ನಗುತ್ತಿದ್ದೆನೋ, ನನ್ನ ತಪ್ಪನ್ನು ತೊಳೆಯಲು ಅದೇ ಕಚೇರಿಯನ್ನು ನೆಚ್ಚಿ ಕೂತೆ.

ಮೂರನೇ ವರ್ಷ ದೆಹಲಿಯಿಂದ ಒಂದು ಕಾಗದ ಬಂತು. ಇಲಾಖೆಯ ಹಿಂದಿನ ಪತ್ರಕ್ಕೆ ಗಡುವಿನೊಳಗೆ ಉತ್ತರ ಬಾರದ ಕಾರಣ ಕಡತವನ್ನು ಮುಕ್ತಾಯಗೊಳಿಸಲಾಗಿದೆ. ಆ ಹಿಂದಿನ ಪತ್ರ ನಮಗೆ ಬಂದೇ ಇರಲಿಲ್ಲ. ಅವರು ಅದನ್ನು ಎರಡು ಸಲ ಓದಿ, ಮಡಚಿ, ಪುಸ್ತಕದೊಳಗಿಟ್ಟರು. ಆಮೇಲೆ ನಾಲ್ಕೈದು ವಾರ ನನ್ನನ್ನು ಕರೆಯಲಿಲ್ಲ. ಒಬ್ಬರೇ ಕೂತು ರೆಕ್ಕೆಗೆ ಬಟ್ಟೆ ಹೊದಿಸಿದರು. ಜೀವನದಲ್ಲಿ ಮೊದಲ ಸಲ ನಿಯಮ ಮುರಿಯುತ್ತಿದ್ದರಲ್ಲ, ನೋಡುವುದಕ್ಕೆ ಇನ್ನೊಬ್ಬರು ಬೇಡವೆನಿಸಿರಬೇಕು.

ಒಂದು ಶನಿವಾರ ಸ್ಕೂಲಿನ ಹತ್ತಿರ ಬಂದು, "ನಾಳೆ ಬೆಳಿಗ್ಗೆ ಕೆರೆ ಅಂಗಳದಲ್ಲಿ ಸ್ವಲ್ಪ ಎತ್ತಿ ನೋಡ್ತೀನಿ ಮೇಷ್ಟ್ರೇ. ಒಂದಾಳುದ್ದ, ಜಾಸ್ತಿ ಇಲ್ಲ" ಅಂದರು. ಕೆರೆ ಬತ್ತಿ ನೆಲ ಗಟ್ಟಿಯಾಗಿದ್ದ ದಿನಗಳು. ನಾನು, "ಪರ್ಮಿಷನ್ನು?" ಅಂದೆ. "ಕಾಗದ ಇಲ್ಲ. ಆದ್ರೆ ರೆಕ್ಕೆ ನಾವಿಬ್ರೂ ನೋಡಿದ್ದೀವಲ್ಲ. ನಾಲ್ಕು ಪಟ್ಟು ಹೊತ್ತೈತೆ. ಅದೊಂದು ಭಯ ಇಲ್ಲ ನಂಗೆ" ಅಂದರು. ಆಗಲಾದರೂ ಹೇಳಬೇಕಿತ್ತು. ಒಂದೇ ಒಂದು ಮಾತು. ನಾನು "ಒಳ್ಳೇದಾಗ್ಲಿ ಸಾರ್" ಅಂದೆ.

ಕೆರೆಯಲ್ಲಿ ಮೇಯುತ್ತಿದ್ದ ಕುರಿಗಳನ್ನು ಕುರಿಗಾಹಿಗಳು ಬದಿಗೆ ಹೊಡೆದು ಜಾಗ ಬಿಡಿಸಿಕೊಟ್ಟರು. ವಿಮಾನ ಓಡಿತು, ಎದ್ದಿತು. ಒಂದಾಳುದ್ದ ಎಂದಿದ್ದರು. ಕೆರೆ ಏರಿಯ ಕಡೆಯಿಂದ ಒಂದು ಗಾಳಿ ಬೀಸಿ ಅದನ್ನು ತೆಂಗಿನ ಮರದೆತ್ತರಕ್ಕೆ ಎತ್ತಿಬಿಟ್ಟಿತು. ಎಡ ರೆಕ್ಕೆ ಬುಡದಲ್ಲಿ ಮಡಚಿಕೊಂಡದ್ದನ್ನು ನಾನು ಕಣ್ಣಾರೆ ಕಂಡೆ. ಸೊಂಟದ ಮೂಳೆ, ಬೆನ್ನುಮೂಳೆ ಎರಡೂ ಮುರಿದವು. ಹೆಲ್ಮೆಟ್ ಇದ್ದದ್ದರಿಂದ ತಲೆ ಉಳಿಯಿತು.

ಮೂರು ವರ್ಷದಲ್ಲಿ ಒಬ್ಬ ಇನ್‌ಸ್ಪೆಕ್ಟರನ್ನು ಕಳಿಸಲಾಗದವರು ಮೂರನೇ ದಿನಕ್ಕೆ ಎರಡು ಜೀಪು ಮಾಡಿಕೊಂಡು ಬಂದರು. ದೆಹಲಿಯ ಒಬ್ಬರು, ಪೊಲೀಸರು, ರೆವಿನ್ಯೂದವರು. ಮುರಿದ ಮರವನ್ನು ಅಳೆದರು, ಫೋಟೋ ತೆಗೆದರು, ಪುಸ್ತಕ ತಿರುವಿ ಹಾಕಿದರು. "ಇದು ಯಾರ ಸಹಿ?" ಅಂತ ಅಧಿಕಾರಿ ಕೇಳಿದರು. "ನಂದು ಸಾರ್. ನಾನು ಲೆಕ್ಕದ ಮೇಷ್ಟ್ರು. ಕಾಯಿ ಎಣಿಸಿದ್ದಕ್ಕೆ ಸಾಕ್ಷಿ ಹಾಕಿದ್ದೆ, ಅಷ್ಟೆ. ವಿಮಾನದ ವಿಷಯ ನಂಗೇನೂ ಗೊತ್ತಿಲ್ಲ" ಅಂದೆ. ಅವರು ತಲೆದೂಗಿ ಪುಟ ತಿರುವಿದರು. ಅನುಮತಿಯಿಲ್ಲದೆ ಹಾರಿಸಿದ್ದೇ ಕಾರಣ ಎಂದು ವರದಿಯಾಯಿತಂತೆ, ಮಿಲ್ಟ್ರಿಯವರ ಮೇಲೆ ಕೇಸೂ ಬಿತ್ತು. ಅನುಮತಿ ಇಲ್ಲದಿದ್ದರೆ ರೆಕ್ಕೆ ಮುರಿಯುತ್ತದೆಯೇ ಎಂದು ಯಾರೂ ಕೇಳಲಿಲ್ಲ.

ತುಮಕೂರಿನ ಆಸ್ಪತ್ರೆಯ ಹೊರಗೆ ಅವರ ಹೆಂಡತಿ ನನ್ನನ್ನು ತಡೆದು ನಿಲ್ಲಿಸಿದರು. ಅಳು ಇರಲಿಲ್ಲ. "ಕಾಯಿ ಹಗೂರ ಇದ್ವು. ನಂಗೊತ್ತು, ನಿಮ್ಗೂ ಗೊತ್ತು. ನಾನು ಅವರಿಗೆ ಹೇಳಾಕಿಲ್ಲ ಮೇಷ್ಟ್ರೇ. ನಿಮ್ಮನ್ನ ಅಷ್ಟು ನಂಬವ್ರೆ, ನೀವೇ ಹೇಳಿ" ಅಂದರು. ಹೇಳುತ್ತೇನೆ ಅಂದೆ.

ಹೇಳಲಿಲ್ಲ. ಮೊದಲು, ನೋವಿನಲ್ಲಿದ್ದಾರೆ ಎಂಬ ನೆಪ. ಆಮೇಲೆ, ಕೇಸು ನಡೆಯುತ್ತಿದೆ, ನನ್ನ ನೌಕರಿಯ ಗತಿಯೇನು ಎಂಬ ಭಯ. ಕೇಸು ಮುಗಿಯಿತು, ನಾನು ರಿಟೈರೂ ಆದೆ. ಆಮೇಲೆ ನೆಪವೂ ಬೇಕಾಗಲಿಲ್ಲ. ಹೇಳದಿರುವುದೇ ರೂಢಿಯಾಗಿಹೋಯಿತು. ವಾರಕ್ಕೊಮ್ಮೆ ಹೋಗುತ್ತಿದ್ದವನು ತಿಂಗಳಿಗೊಮ್ಮೆ, ಕಡೆಕಡೆಗೆ ಯುಗಾದಿಗೊಮ್ಮೆ ಹೋಗುವ ಹಾಗಾದೆ.

ಅವರು ವಾಕರ್ ಹಿಡಿದು ಜಗಲಿಯವರೆಗೆ ನಡೆಯುವಷ್ಟಾದರು. ಊರು ಅವರನ್ನು ಆಡಿಕೊಂಡು ನಕ್ಕಿತು, ಆಮೇಲೆ ಮರೆಯಿತು. ಅವರಿಗೆ ಅದರ ಚಿಂತೆಯಿರಲಿಲ್ಲ. ಮತ್ತೆ ಹಾರುವ ಮಾತೂ ಎತ್ತಲಿಲ್ಲ. ಅವರನ್ನು ತಿನ್ನುತ್ತಿದ್ದದ್ದು ಒಂದೇ ಪ್ರಶ್ನೆ. ಹೋದಾಗಲೆಲ್ಲ ಕೇಳುತ್ತಿದ್ದರು: "ನಾಲ್ಕು ಪಟ್ಟು ತೂಕ ಹೊತ್ತ ರೆಕ್ಕೆ ಒಂದು ಗಾಳಿಗೆ ಹೆಂಗೆ ಮುರೀತು ಮೇಷ್ಟ್ರೇ? ನೀವು ಲೆಕ್ಕದೋರು, ಹೇಳಿ." ಕಾರಣ ತಿಳಿದು ಬರೆದಿಡುವ ತನಕ ಅವರ ಕಸುಬಿನಲ್ಲಿ ಕೆಲಸ ಮುಗಿದಂತಲ್ಲ. ಮರ ಸರಿಯಿರಲಿಲ್ಲವೇನೋ ಎಂದು ಒಂದು ವರ್ಷ, ನಕ್ಷೆಯೇ ತಪ್ಪಿರಬಹುದೆಂದು ಎರಡು ವರ್ಷ, ಹೀಗೆ ಪುಟಗಟ್ಟಲೆ ಗೀಚುತ್ತಾ ಕೂತರು. ಒಂಬೈನೂರ ಅರವತ್ತು ಎಂಬ ಅಂಕಿಯನ್ನು ಮಾತ್ರ ಒಂದು ಸಲವೂ ಅನುಮಾನಿಸಲಿಲ್ಲ. ಅದರ ಕೆಳಗೆ ನನ್ನ ರುಜು ಇತ್ತಲ್ಲ.

ಹೋದ ಯುಗಾದಿಗೆ ಹೋದಾಗ ಹಾಸಿಗೆ ಹಿಡಿದಿದ್ದರು. ನನ್ನನ್ನು ಕಂಡು ಮುಖ ಅರಳಿತು. "ಸಿಕ್ತು ಮೇಷ್ಟ್ರೇ" ಅಂದರು. ದಿಂಬಿನ ಪಕ್ಕದಿಂದ ಪುಸ್ತಕ ಎಳೆದು ತಾವೇ ಓದಿದರು. ಪರೀಕ್ಷೆಯಾದ ಮೇಲೆ, ಬಟ್ಟೆ ಹೊದಿಸುವಾಗ, ಎಡ ರೆಕ್ಕೆಯ ಬುಡದ ಅಂಟಿನ ಮೇಲೆ ತನ್ನ ಮೊಣಕೈ ಭಾರ ಬಿದ್ದು ಬಿರುಕಾಗಿರಬೇಕು. ಇನ್‌ಸ್ಪೆಕ್ಟರಿಗೆ ತೋರಿಸದೆ, ಇನ್ನೊಬ್ಬರನ್ನು ಕರೆಯದೆ ಮುಚ್ಚಿದ್ದರಿಂದ ಅದು ಯಾರಿಗೂ ಕಾಣಲಿಲ್ಲ. ತಪ್ಪು ತನ್ನದೇ. ಕೆಳಗೆ ಮಾಡಿದವನ ಜಾಗದಲ್ಲಿ ಅವರ ರುಜು.

"ಬೇರೆ ಹೆಂಗೂ ಲೆಕ್ಕ ಕೂರಲ್ಲ. ಇದೊಂದೇ ದಾರಿ. ಸರಿ ಅನ್ನಿಸ್ತಾ ನಿಮ್ಗೆ?"

ಅವರ ಹೆಂಡತಿ ಕಾಫಿ ಲೋಟ ಹಿಡಿದು ನಡುಮನೆಯ ಬಾಗಿಲಲ್ಲಿ ನಿಂತಿದ್ದರು. ಅವರ ಕಡೆ ನೋಡಲು ನನಗಾಗಲಿಲ್ಲ. "ಸರಿ ಅನ್ಸುತ್ತೆ ಸಾರ್" ಅಂದೆ.

"ಹಂಗಾದ್ರೆ ನೋಡಿದವರದ್ದು ಹಾಕ್ಬುಡಿ."

ಹಾಕಿದೆ. ಅವರು ಕನ್ನಡಕ ಏರಿಸಿ ರುಜುವನ್ನು ನೋಡಿ, ಪುಸ್ತಕ ಮುಚ್ಚಿ ಎದೆಯ ಮೇಲಿಟ್ಟುಕೊಂಡು, "ಇಷ್ಟು ವರ್ಷ ಆಯ್ತು ನೋಡಿ. ಇನ್ನು ನಿದ್ದೆ ಬತ್ತದೆ" ಅಂದರು. ಸ್ವಲ್ಪ ಹೊತ್ತಿಗೆ ಹಾಗೇ ನಿದ್ದೆ ಹೋದರು. ಕಾಫಿ ಕುಡಿದು ಎದ್ದೆ. ಆಯಮ್ಮ ಲೋಟ ತೆಗೆದುಕೊಂಡು ನನ್ನ ಹಿಂದೆಯೇ ಹೊಸ್ತಿಲ ತನಕ ಬಂದರು. ನಮ್ಮ ಕಡೆ ಮನೆಗೆ ಬಂದವರನ್ನು, ಅವರು ಎಂಥವರೇ ಆಗಿರಲಿ, ಹೋಗಿ ಬನ್ನಿ ಎಂದೇ ಕಳಿಸುತ್ತಾರೆ. ನಾನು ಚಪ್ಪಲಿ ಮೆಟ್ಟಿಕೊಂಡು ಆ ಮಾತಿಗೆ ಕಾದು ನಿಂತೆ.

"ಹೋಗಿ ಮೇಷ್ಟ್ರೇ" ಅಂದರು, ಅಷ್ಟೆ. ಬಾಗಿಲು ಹಾಕಿಕೊಂಡರು.